ಹೂಳಿನ ಕೋಷ್ಟಕ

ಎಡಗಡೆ ಕಾಲಮ್ಮು ಮಿನ್ನೆಸೋಟ,
ಬಲಗಡೆಯದು ವಿಸ್ಕಾನ್ಸಿನ್.
ನಡುವಿನ ಗೆರೆ ನಾನೇ ಎಳೆದದ್ದು, ಕೂದಲೆಳೆಯಷ್ಟು;
ಹೊಳೆಯ ನಡುವಿನ ಗೆರೆ ಇನ್ನೂ ದಪ್ಪ,
ನಕಾಶೆಯಲ್ಲಿದೆ, ನೀರಿಗೆ ಗೊತ್ತಿಲ್ಲ.

ಮಾರ್ಚ್ ತಿಂಗಳು. ಕಿಟಕಿಯಾಚೆ ಡುಲೂತ್ ಬಂದರು
ಒಡೆದ ಪಿಂಗಾಣಿಯ ಹಾಗೆ ಬಿದ್ದಿದೆ.
ಮಂಜುಗಡ್ಡೆ ದಾರಿ ಬಿಟ್ಟದ್ದೇ ತಡ
ಅದಿರಿನ ಹಡಗುಗಳು ಬರುತ್ತವೆ, ಸಾವಿರ ಅಡಿಯವು,
ಹೊಟ್ಟೆಗೂ ತಳಕ್ಕೂ ನಡುವೆ
ನಾಲ್ಕು ಗೇಣು ನೀರು ಕೇಳುತ್ತವೆ.
ಆ ನಾಲ್ಕು ಗೇಣಿನಲ್ಲಿ ನನ್ನ ಸಂಬಳ.

ಒಂದೇ ಹೊಳೆ, ಒಂದೇ ಕೆಸರು.
ಆರ್ವಿಡ್ ನಿಸ್ಟ್ರಮ್‌ನ ಕ್ರೇನು ಬೊಗಸೆ ತುಂಬಿ ಎತ್ತಿದಾಗ
ಅದು ಯಾರ ಕೆಸರೆಂದು ಹೇಳುವುದು
ದೋಣಿಯ ಜಿಪಿಎಸ್ಸು.
ಈ ದಡದಲ್ಲಿ ಅದಕ್ಕೆ ಮೂರು ದರ್ಜೆ:
ಮನೆಯಂಗಳಕ್ಕೆ ಆಗುವುದು, ಕಾರ್ಖಾನೆಗೆ ಆಗುವುದು,
ಯಾತಕ್ಕೂ ಬಾರದ್ದು.
ಆ ದಡದಲ್ಲಿ ಹುಟ್ಟಿನಿಂದಲೇ ಕಸ;
ಅಪಾಯ ಕಮ್ಮಿ ಸ್ವಾಮಿ ಎಂದು ಅರ್ಜಿ ಗುಜರಾಯಿಸಿ
ವಿನಾಯಿತಿ ಪತ್ರ ಬಂದರೆ
ಕಸ ಕಸವಾಗಿಯೇ ಇದ್ದು ಕೆಲಸಕ್ಕೆ ಸೇರುತ್ತದೆ.

ಮೀನು ಮೊಟ್ಟೆಯಿಡುವ ಕಾಲ, ಕೆಲಸ ಬಂದ್:
ಎಡಕ್ಕೊಂದು ತಾರೀಖು, ಬಲಕ್ಕೊಂದು.
ಮೀನಿಗೆ ಯಾರೂ ನಕಲು ಕಳಿಸಿಲ್ಲ.

ಖಾಲಿ ಖಾನೆ ಇರಬಾರದು ಅನ್ನುತ್ತಾಳೆ ಮೇಲಿನವಳು, ಗ್ರೆಚೆನ್.
ತುಂಬುತ್ತೇನೆ. ಪಾದರಸ ಇಷ್ಟು, ಸೀಸ ಇಷ್ಟು,
ಐದಡಿ ಕೆಳಗೆ ಗರಗಸದ ಮಿಲ್ಲಿನ ಹೊಟ್ಟು.
ಜಾಡಿಯ ಮುಚ್ಚಳ ತೆಗೆದರೆ
ನೂರು ವರ್ಷ ನೀರಡಿ ಮಲಗಿದ ಪೈನ್ ಮರ
ಈಗ ತಾನೆ ಕೊಯ್ದ ಹಾಗೆ ಮೂಗಿಗೆ ಬಡಿಯುತ್ತದೆ.
ಅದಕ್ಕೆ ಖಾನೆಯಿಲ್ಲ.

ಆಮೇಲೆ ಹೆಲ್ಮಿ ರೌಟಿಯೊಳ ಕಾಗದ ಬಂತು,
ಪೆನ್ಸಿಲ್ಲಿನಲ್ಲಿ ಬರೆದದ್ದು.
ಗುಡ್ಡದ ಮೇಲಿನ ಸಣ್ಣ ಸ್ಮಶಾನ ನೋಡಿಕೊಳ್ಳುತ್ತಾಳೆ.
ಹಳೆಯ ಪೆಟ್ಟಿಗೆಗಳು ಒಳಗೊಳಗೇ ಕುಸಿದು
ಮೇಲಿನ ನೆಲ ತೊಟ್ಟಿಲ ಹಾಗೆ ತಗ್ಗಾಗಿದೆಯಂತೆ,
ಹಿಮ ಕರಗಿದರೆ ಒಬ್ಬೊಬ್ಬರ ಎದೆಯ ಮೇಲೂ
ಒಂದೊಂದು ಕೆರೆ.
ನಲವತ್ತು ಲಾರಿ ಹೂಳು ಬೇಕು. ದುಡ್ಡಿಲ್ಲ.

ಅರ್ಜಿಯ ಒಂಬತ್ತನೇ ಪ್ರಶ್ನೆ:
ಅಂತಿಮ ಬಳಕೆ ವಾಸಕ್ಕೋ, ಉದ್ಯಮಕ್ಕೋ?
ಇಲಾಖೆಗೆ ಫೋನು ಮಾಡಿದೆ. ಟೊಲೆಫ್ಸನ್ ಎಂಬಾತ
ಬಹಳ ಹೊತ್ತು ಪುಟ ತಿರುವಿದ.
ಅಲ್ಲಿ ಯಾರಾದರೂ ವಾಸ ಇದ್ದಾರೆಯೇ?
ಇದ್ದಾರೆ, ಅಂದೆ. ಮನೆ ಬದಲಿಸುವವರಲ್ಲ.
ಆತ ನಗಲಿಲ್ಲ, ನಾನೂ ನಗಲಿಲ್ಲ.
ವಾಸದ ಲೆಕ್ಕವೆಂದರೆ, ಅಂದ, ಒಂದು ಮಗು:
ದಿನವೂ ಆ ಮಣ್ಣಿನಲ್ಲಿ ಆಡುತ್ತದೆ,
ಬೆರಳು ಬಾಯಿಗಿಡುತ್ತದೆ,
ಚಿಟಿಕೆಯಷ್ಟು ಒಳಗೆ ಹೋಗುತ್ತದೆ.
ಆ ಮಗುವಿಗಾಗಿ ನಮ್ಮ ಅಂಕಿಗಳೆಲ್ಲ.
ನಿಮ್ಮ ಜಾಗದಲ್ಲಿ ಮಕ್ಕಳಿದ್ದಾರೆಯೇ, ಕೇಳಿ ತಿಳಿಸಿ.

ಕೇಳಿದೆ.
ಹೆಲ್ಮಿ ಎಣಿಸಲೂ ಇಲ್ಲ.
ಹನ್ನೊಂದು, ಅಂದಳು. ಎಲ್ಲ ಒಂದೇ ಅಕ್ಟೋಬರಿನವು,
ಹದಿನೆಂಟರ ಜ್ವರದ್ದು.
ಬೇಲಿಯ ಪಕ್ಕದ ಸಾಲು.

ವಾಸಕ್ಕೆ ಎಂದು ಗುರುತು ಹಾಕಿದೆ.
ಎಲ್ಲಕ್ಕಿಂತ ಬಿಗಿಯಾದ ಅಂಕಿ. ಏಳನೇ ಗುಂಡಿಯ ಕೆಸರು ಫೇಲಾಯಿತು,
ಮೂರನೆಯದೂ. ಹೊಳೆ ಬಾಗುವಲ್ಲಿನ ಮರಳುಮಣ್ಣು
ಅಷ್ಟಕ್ಕಷ್ಟೆ ಪಾಸು.

ಮೇ ಕೊನೆಗೆ ಲಾರಿಗಳು ಗುಡ್ಡ ಹತ್ತಿದವು.
ನೋಡಲು ಹೋಗಿದ್ದೆ, ಶನಿವಾರ, ನನ್ನ ಖರ್ಚಿನಲ್ಲೇ.
ಅವಳು ಕೈಗವಸಿಲ್ಲದೆ ಹರಡುತ್ತಿದ್ದಳು.
ಹೊಳೆಯ ಹೊಟ್ಟೆಯಲ್ಲಿ ಹೂತದ್ದನ್ನು ಎತ್ತಿ
ಹೂತವರ ಮೇಲೆ ಹೊದಿಸುವುದು;
ಬೇಲಿಯ ಸಾಲಿಗೆ ಬಂದಾಗ ಕುಂಟೆ ಬದಿಗಿಟ್ಟು
ಅಂಗೈಯಲ್ಲಿ ತಟ್ಟಿದಳು, ಹನ್ನೊಂದು ಕಡೆ.

ಸೋಮವಾರ ಕೋಷ್ಟಕಕ್ಕೆ ಹೊಸ ಸಾಲು ಸೇರಿಸಿದೆ: ಸ್ಮಶಾನ.
ಎಡಕ್ಕೆ, ವಾಸದ ಮನೆಗೆ ಸಮ.
ಬಲಕ್ಕೆ ಏನೂ ಸಿಗಲಿಲ್ಲ. ಗ್ರೆಚೆನ್ ಬೆರಳಿಟ್ಟು ತೋರಿಸಿದಳು.
ಅಲ್ಲಿ ಬರೆದೆ:
ಇನ್ನೂ ಯಾರೂ ಕೇಳಿಲ್ಲ.